ಬಿಚ್ಚಿದ ಹೊಲಿಗೆ

ಮಂಗಳವಾರ, ೧೧ ನವೆಂಬರ್ ೨೦೨೫. ಸಂಜೆ ನಾಲ್ಕೂ ಹತ್ತಕ್ಕೆ ಖಾನಾಪುರ ತಾಲೂಕು ಆಸ್ಪತ್ರೆಯ ದಾದಿ ಐಶ್ವರ್ಯಾ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಳು. ಸಬ್ ಇನ್ಸ್‌ಪೆಕ್ಟರ್ ಸಮೃದ್ಧಿ ಕಿತ್ತೂರ, ಕೋರ್ಟಿನ ಕೆಲಸ ಮುಗಿಸಿ ಆಗಷ್ಟೇ ಬಂದು ಕುಳಿತಿದ್ದಳು.

"ಮಧ್ಯಾಹ್ನದಿಂದ ಒಬ್ಬಾಕಿ ಮುದುಕಿ ನಮ್ಮ ಬೆಂಚಿನ ಮ್ಯಾಲ ಕುಂತಾಳ್ರಿ. ಚೀಟಿ ಇಲ್ಲ, ಜೋಡಿ ಯಾರೂ ಇಲ್ಲ. ಹೆಸರ ಕೇಳಿದ್ರ ಹೇಳಾಕ ಬರವಲ್ದು."

"ದಾರಿ ತಪ್ಪಿ ಬಂದಾಳೇನು?"

"ಇಲ್ರಿ. ಯಾರೋ ತಂದು ಕುಂದರಿಸಿ ಹೋಗ್ಯಾರ. ಕ್ಯಾಮೆರಾದಾಗ ಐತಿ."

ಸಮೃದ್ಧಿ ದೂರನ್ನು ಬರೆಸಿಕೊಂಡು, ಹೆಡ್ ಕಾನ್‌ಸ್ಟೇಬಲ್ ಸೋಮಲಿಂಗನನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟಳು. ಕ್ಯಾಮೆರಾದಲ್ಲಿ ಹೊತ್ತು ಹನ್ನೆರಡೂ ಇಪ್ಪತ್ತೆರಡು. ಮುಖಕ್ಕೆ ಓಢಣಿ ಸುತ್ತಿಕೊಂಡ ಹೆಂಗಸೊಬ್ಬಳು ಮುದುಕಿಯನ್ನು ಕೈಹಿಡಿದು ತಂದು ಕೂರಿಸಿದಳು. ಸ್ವೆಟರಿನ ಗುಂಡಿ ಹಾಕಿದಳು. ಬಿಸ್ಕೀಟನ್ನು ನೀರಲ್ಲಿ ಅದ್ದಿ ತಿನ್ನಿಸಿದಳು. ಆಮೇಲೆ ಎದ್ದು ಗೇಟಿನತ್ತ ನಡೆದೇಬಿಟ್ಟಳು.

ವೈದ್ಯರು ಮುದುಕಿಯ ಎಡತೋಳು ತೋರಿಸಿದರು. ನಾಲ್ಕು ಬೆರಳಿನ ನೀಲಿ ಗುರುತು. "ಎರಡು ದಿನದ್ದು. ಇವರಿಗೆ ಡಿಮೆನ್ಶಿಯಾ, ಮರೆವಿನ ಕಾಯಿಲೆ. ಬಹಳ ಮುಂದುವರಿದದ."

"ಹೊಡದು ಬಡದು, ಕಡೀಕ ತಂದು ಇಲ್ಲಿ ಒಗದಾರ ಮೇಡಮ್," ಸೋಮಲಿಂಗ ಹಲ್ಲು ಕಡಿದ.

ಐಶ್ವರ್ಯಾ ಮುದುಕಿಗೆ ಆಸ್ಪತ್ರೆಯ ಬಟ್ಟೆ ಹಾಕಿದ ಮೇಲೆ ಸಮೃದ್ಧಿ ಆ ಹಳೆ ಕುಪ್ಪಸವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕುತ್ತಿಗೆಯ ಒಳಬದಿ, ಬೆರಳುದ್ದದ ಒಂದು ಜಾಗದಲ್ಲಿ ಮಾತ್ರ ಬಣ್ಣ ಮಾಸಿರಲಿಲ್ಲ. ಸುತ್ತ ಸೂಜಿಯ ತೂತುಗಳಿದ್ದವು.

"ಇಲ್ಲೊಂದು ಅರಿವಿ ತುಂಡು ಹೊಲದಿದ್ರು. ಹರದು ತಗದಿಲ್ಲ. ಒಂದೊಂದ ಹೊಲಿಗಿ ಟಾಕಿ ಬಿಚ್ಚ್ಯಾರ."

"ಯಾಕ್ರಿ?" ಐಶ್ವರ್ಯಾ ಕೇಳಿದಳು.

"ಅದರಾಗ ವಿಳಾಸ ಇದ್ದಿರಬೇಕು. ವಾಪಸ್ ಬರಬಾರದು ಅಂತನ ಬಿಟ್ಟುಹೋಗ್ಯಾರ."

ಸಂಜೆ ಆರಕ್ಕೆ ಹಿರಿಯ ನಾಗರಿಕರ ಪಾಲನೆ ಕಾಯ್ದೆಯ ೨೪ನೇ ಕಲಮಿನಡಿ, ಅಪರಿಚಿತ ಮಹಿಳೆಯ ಮೇಲೆ ಎಫ್‌ಐಆರ್ ದಾಖಲಾಯಿತು. ಪಂಚನಾಮೆ ಮಾಡಿ ಕುಪ್ಪಸವನ್ನು ಜಪ್ತು ಮಾಡಿದರು. ಆ ಓಢಣಿಯವಳನ್ನು ಹಿಡಿಯದೆ ಬಿಡುವುದಿಲ್ಲ ಎಂದು ಸಮೃದ್ಧಿ ಆಗಲೇ ನಿರ್ಧರಿಸಿದ್ದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಅವಳು ಮುದುಕಿಯ ಮಂಚದ ಬಳಿ ಸ್ಟೂಲು ಎಳೆದುಕೊಂಡು ಕುಳಿತಳು.

"ಯಮ್ಮಾ, ನಿಮ್ಮ ಹೆಸರೇನು?"

"ಅದು ನಮ್ಮವ್ವಗ ಗೊತ್ತು."

"ಮನಿ ಎಲ್ಲೈತಿ?"

"ಕುರಿ ನೀರಿಗೆ ಹೋಗ್ಯಾವ. ಬರಲಿ, ಆಮ್ಯಾಲ ಮನಿಗೆ ಹೋಗೂಣು."

"ಕುರಿ ಎಲ್ಲಿ ಮೇಯಿಸ್ತಿದ್ರಿ?"

"ನರಸಿಂಹನ ಗುಡಿ ಹಿಂದ. ಕಲ್ಲಿನ ಗುಡಿ ನೋಡು, ದೊಡ್ಡದು."

ಸೋಮಲಿಂಗ ತಲೆಯೆತ್ತಿದ. "ಹಲಸಿ, ಮೇಡಮ್."

ಹತ್ತೂವರೆಗೆ ಅವರ ಜೀಪು ಹಲಸಿಯಲ್ಲಿತ್ತು. ಗುಡಿಯ ಎದುರು ಚಹಾದಂಗಡಿ ಇಟ್ಟಿದ್ದ ಲಕ್ಷ್ಮಪ್ಪ ಮುದುಕಿಯ ಫೋಟೋ ನೋಡಿದೊಡನೆ ಗುರುತು ಹಿಡಿದ.

"ಭರಮವ್ವ ಅಲ್ಲೇನ್ರಿ! ಸತ್ಯಪ್ಪನ ಅವ್ವ. ಆರು ವರ್ಷ ಆತು, ಬೆಳಗಾವ್ಯಾಗ ಮಗಳ ಕಡೆ ಇರ್ತಾಳ. ನಿನ್ನೆ ಮುಂಜಾನಿ ಇಬ್ಬರೂ ಬಂದಿದ್ರಲ್ಲ."

ಐವತ್ತರ ಸತ್ಯಪ್ಪ ಅಂಗಳದಲ್ಲಿ ಮೇವು ಒಟ್ಟುತ್ತಿದ್ದ. ಮೊದಲು ಯಾರೂ ಬಂದೇ ಇಲ್ಲ ಎಂದ.

"ಲಕ್ಷ್ಮಪ್ಪ ಕಂಡಾನ. ಖರೇ ಹೇಳು."

"...ಬಂದಿದ್ರು. ತಂಗಿ ಪ್ರಮಿಳಾ ಅವ್ವನ್ನ ಆರು ತಿಂಗಳರೆ ಇಟ್ಟುಕೋ ಅಂದ್ಲು. ನಮ್ಮ ಮನಿಯಾಕಿಗೆ ಆಗೂದಿಲ್ಲ ಅಂದೆ."

"ಒಳಗ ಕರದಿ?"

ಸತ್ಯಪ್ಪ ಮೇವಿನ ಕಟ್ಟು ಬಿಗಿಯತೊಡಗಿದ.

"ಕೇಳಿದ್ದಕ್ಕ ಹೇಳು."

"ಇಲ್ರಿ. ಬಾಗಲದಾಗ ನಿಂತು ಮಾತಾಡಿ ಹೋದ್ರು."

ಸತ್ಯಪ್ಪ ಕೊಟ್ಟ ವಿಳಾಸ ಹಿಡಿದು ಒಂದೂ ಇಪ್ಪತ್ತಕ್ಕೆ ಬೆಳಗಾವಿಯ ಶಹಾಪುರ. ಮಗ್ಗದ ಸದ್ದಿನ ಓಣಿಯಲ್ಲಿ ಪ್ರಮಿಳಾಳ ಒಂಟಿಕೋಣೆಯ ಬಾಡಿಗೆ ಮನೆ. ಅವಳು ಕೆಲಸಕ್ಕೆ ಹೋಗಿದ್ದಳು. ಪಕ್ಕದ ಮನೆಯ ಶಿವಬಸವ್ವನ ಬಳಿ ಇನ್ನೊಂದು ಕೀಲಿ ಇತ್ತು. ಅವಳನ್ನೇ ಪಂಚ ಸಾಕ್ಷಿಯಾಗಿ ನಿಲ್ಲಿಸಿ ಬಾಗಿಲು ತೆಗೆಸಿದರು.

ಗ್ಯಾಸ್ ಒಲೆಯ ಗುಂಡಿಗೆ, ಮುದುಕಿ ತಿರುಗಿಸದಂತೆ, ತಂತಿ ಬಿಗಿದಿತ್ತು. ಕನ್ನಡಿಗೆ ಟಾವೆಲ್ ಹೊದಿಸಿತ್ತು.

"ಕನ್ನಡ್ಯಾಗ ಯಾರೋ ಮುದುಕಿ ಬಂದಾಳ ಅಂತ ಭರಮವ್ವ ಅಂಜತಿದ್ಲ್ರಿ," ಎಂದಳು ಶಿವಬಸವ್ವ. ಒಳಗಿನ ಹಗ್ಗದ ಮೇಲೆ ನಾಲ್ಕು ಕುಪ್ಪಸ ಒಣಗುತ್ತಿದ್ದವು. ನಾಲ್ಕರ ಕುತ್ತಿಗೆಯಲ್ಲೂ ಬಿಳಿ ಅರಿವೆಯ ತುಂಡು, ಅದರ ಮೇಲೆ ಕೆಂಪು ದಾರದಲ್ಲಿ ಕಸೂತಿಯಂತೆ ಹೊಲಿದ ಫೋನ್ ನಂಬರು.

"ಎರಡು ಸಲ ತಪ್ಪಿಸ್ಕೊಂಡಿದ್ಲ್ರಿ. ಆಮ್ಯಾಲ ಪ್ರಮಿಳಾ ಕುಂತು ಎಲ್ಲಾಕ್ಕೂ ಹೊಲದ್ಲು."

"ಈಗ ಭರಮವ್ವ ಎಲ್ಲಿ ಅಂತ ಕೇಳಲಿಲ್ಲೇನು?"

"ಕೇಳಿದೆ. ಅಣ್ಣನ ಮನ್ಯಾಗ ಬಿಟ್ಟು ಬಂದೀನಿ ಅಂದ್ಲು. ಅಂದಾಕಿ ರಾತ್ರಿಯೆಲ್ಲಾ ಅತ್ತಾಳ್ರಿ. ಗೋಡಿ ಆಚಿ ನನಗ ಕೇಳಸ್ತಿತ್ತು."

ಹೊಲಿದದ್ದೂ ಬಿಚ್ಚಿದ್ದೂ ಒಂದೇ ಕೈ. ಸಮೃದ್ಧಿ ಆ ನಾಲ್ಕೂ ಕುಪ್ಪಸಗಳನ್ನು ಜಪ್ತು ಮಾಡಿದಳು. ನಿನ್ನೆ ಸಂಜೆಯಿಂದ ಅವಳ ಮನಸ್ಸಿನಲ್ಲಿದ್ದ ಕಟುಕ ಹೆಂಗಸು ಈ ಕೋಣೆಯಲ್ಲಿ ಎಲ್ಲೂ ಇರಲಿಲ್ಲ. ಆದರೂ ತೋಳಿನ ಮೇಲಿನ ಆ ಗುರುತು ಸುಳ್ಳಲ್ಲ.

ಮೂರು ಗಂಟೆಗೆ ಪಾಳಿ ಬಿಡುವ ಹೊತ್ತಿಗೆ ಅವರು ಶಿವಬಸವ್ವ ಹೇಳಿದ, ಉದ್ಯಮಬಾಗದ ಒಂದು ಸಣ್ಣ ಕಾರ್ಖಾನೆಯ ಗೇಟಿನಲ್ಲಿ ನಿಂತಿದ್ದರು. ಪ್ಯಾಕಿಂಗ್ ವಿಭಾಗದ ಹೆಂಗಸರ ಗುಂಪಿನಲ್ಲಿ ನಲವತ್ತನಾಲ್ಕರ ಪ್ರಮಿಳಾ ಹೊರಬಂದಳು. ಖಾಕಿ ಕಂಡು ಓಡಲಿಲ್ಲ. ನೇರ ಸಮೃದ್ಧಿಯ ಎದುರಿಗೆ ಬಂದು ನಿಂತಳು.

"ನಮ್ಮ ಅವ್ವ ಉಂಡಾಳೇನ್ರಿ?"

ಸಮೃದ್ಧಿ ಜೀಪಿನ ಬಾಗಿಲು ತೆಗೆದಳು. "ಉಂಡಾಳ. ನಡಿ, ಜೀಪ್ ಹತ್ತು."

ನಾಲ್ಕೂ ಮುಕ್ಕಾಲಿಗೆ ಖಾನಾಪುರ ಠಾಣೆಯಲ್ಲಿ ವಿಚಾರಣೆ ಶುರುವಾಯಿತು.

"ತೋಳಿನ ಮ್ಯಾಲಿನ ಗುರುತು ಯಾರದು?"

"ನಂದ."

"ಯಾವಾಗಿಂದು?"

"ಐತವಾರದ್ದು. ಅವ್ವ ನನ್ನ ಮಾರಿಗೆ ಉಗುಳಿದ್ಲ್ರಿ. ಕಳ್ಳಿ, ನನ್ನ ಮಗಳನ್ನ ಎಲ್ಲಿ ಮುಚ್ಚಿಟ್ಟಿ, ನನ್ನ ಪ್ರಮಿಳಾನ ಕೊಡು ಅಂತ ಕೂಗಿದ್ಲು. ನಾನ ಅವ್ವಾ, ನಾನ ಪ್ರಮಿಳಾ ಅಂದೆ. ನೂರು ಸಲ ಅಂದೀನ್ರಿ. ಅವತ್ತ ತೋಳ ಹಿಡದೆ. ಅತ್ಲು. ಅತ್ತದ್ದು ಕೇಳಸ್ತಿತ್ತು, ಆದರೂ ನನ್ನ ಕೈ ಬಿಡಲಿಲ್ಲ. ಇನ್ನೊಂದು ಕೈ ಮ್ಯಾಲ ಎದ್ದಿತ್ತು."

"ಹೊಡದಿ?"

"ಇಲ್ಲ. ಆದರ ಮುಂದಿನ ಸಲ ಹೊಡೀತಿದ್ದೆ. ನನಗ ಗೊತ್ತಾತು."

"ಅಣ್ಣ ಒಲ್ಲೆ ಅಂದ ಮ್ಯಾಲ?"

"ಖಾನಾಪುರ ಬಸ್ ಸ್ಟ್ಯಾಂಡಿಗೆ ಬಂದ್ವಿ. ದವಾಖಾನಿ ಕಂಡಿತು. ಅಲ್ಲಿ ನರ್ಸ್ ಇರ್ತಾರ, ಹೊಡ್ಯಾಂಗಿಲ್ಲ ಅಂತ... ಅಲ್ಲೇ ಸಂಡಾಸದಾಗ ನಿಂತು ಪಿನ್ನಿಲೆ ಹೊಲಿಗಿ ಬಿಚ್ಚಿದೆ. ನಂಬರ ಇದ್ರ ನನಗ ಫೋನ್ ಮಾಡ್ತಾರ. ಮಾಡಿದ್ರ ನಾನು ಹೋಗಿ ಕರಕೊಂಡು ಬಂದುಬಿಡ್ತಿದ್ದೆ."

ಸೋಮಲಿಂಗ ಬರೆಯುವುದನ್ನು ನಿಲ್ಲಿಸಿ ಹೊರಗೆ ಹೋಗಿ ಬಂದ. "ಮೇಡಮ್, ಆರು ವರ್ಷ ನೋಡಿಕೊಂಡಾಕಿ ಮ್ಯಾಲ ಕೇಸು. ಬಾಗಲ ಹಾಕ್ಕೊಂಡಾಂವ ಆರಾಮ ಇದ್ದಾನ."

"ಆರಾಮ ಇರಾಕ ಬಿಡೂದಿಲ್ಲ," ಎಂದಳು ಸಮೃದ್ಧಿ. ೨೪ನೇ ಕಲಮು ಆರೈಕೆಯ ಹೊಣೆ ಹೊತ್ತವರಿಗೆ ಮಾತ್ರ ಅನ್ವಯಿಸುತ್ತಿತ್ತು. ಆದರೆ ಅದೇ ಕಾಯ್ದೆಯಲ್ಲಿ ಮಗನ ಕರ್ತವ್ಯವೂ ಇತ್ತು. ಸತ್ಯಪ್ಪನ ಮೇಲೆ ಉಪವಿಭಾಗಾಧಿಕಾರಿಗೆ ಎರಡು ಪುಟದ ವರದಿಯನ್ನು ಅವಳು ತಾನೇ ಕುಳಿತು ಬರೆದಳು. ಹಗಲು ಹೊತ್ತು ಭರಮವ್ವನನ್ನು ನೋಡಿಕೊಳ್ಳಲು ವ್ಯವಸ್ಥೆ ಆಗಬೇಕೆಂದು ಹಿರಿಯ ನಾಗರಿಕರ ಇಲಾಖೆಗೆ ಇನ್ನೊಂದು ಪತ್ರ ಬರೆದಳು. ಉತ್ತರ ಬರುವವರೆಗೆ ವಾರಕ್ಕೊಮ್ಮೆ ನೆನಪೋಲೆ ಕಳಿಸುವಂತೆ ಸೋಮಲಿಂಗನಿಗೆ ಹೇಳಿದಳು.

ಐದೂ ನಲವತ್ತಕ್ಕೆ ಪ್ರಮಿಳಾಳ ಬಂಧನವಾಯಿತು. ಜಾಮೀನು ಸಿಗುವ ಕಲಮು. ಶಿವಬಸವ್ವ ಜಾಮೀನು ನಿಲ್ಲಲು ಫೋನಿನಲ್ಲೇ ಒಪ್ಪಿ, ಬಸ್ ಹತ್ತಿದ್ದಳು.

"ಬಂಧನದ ಸುದ್ದಿ ಯಾರಿಗೆ ಮುಟ್ಟಿಸಬೇಕು?" ಸಮೃದ್ಧಿ ಬಂಧನ ಪತ್ರದ ಮೇಲೆ ಪೆನ್ನಿಟ್ಟು ಕೇಳಿದಳು. "ಹತ್ತಿರದವರ ಹೆಸರು ಹೇಳು."

ಪ್ರಮಿಳಾ ಪತ್ರದ ಖಾಲಿ ಜಾಗ ನೋಡಿದಳು. "ಅವ್ವನ ಹೆಸರ ಬರದ್ರ ನಡೀತದೇನ್ರಿ?"

ಸಮೃದ್ಧಿ 'ಭರಮವ್ವ, ತಾಯಿ' ಎಂದು ಬರೆದಳು. ಬರೆದ ಮೇಲೆ ಮುಟ್ಟಿಸಲೇಬೇಕು. ಆಸ್ಪತ್ರೆಗೆ ತಾನೇ ನಡೆದುಹೋದಳು.

"ಯಮ್ಮಾ, ಪ್ರಮಿಳಾ ನಮ್ಮ ಸ್ಟೇಶನ್ನಿನಾಗ ಅದಾಳ."

ಭರಮವ್ವ ಎದ್ದು ಕುಳಿತಳು. "ಸಿಕ್ಕಳೇನು ನನ್ನ ಮಗಳು?" ಎಂದು ಸಮೃದ್ಧಿಯ ಎರಡೂ ಕೈ ಹಿಡಿದುಕೊಂಡಳು.

ಠಾಣೆಗೆ ಮರಳಿ, ಅಪರಾಧದ ಕಾರಣ ಬರೆಯುವಲ್ಲಿ ಸಮೃದ್ಧಿ ಇಷ್ಟೇ ಬರೆದಳು: ಆರೋಪಿತಳು ತನ್ನದೇ ಕೈಯ ಹೊಡೆತದಿಂದ ತಾಯಿಯನ್ನು ಕಾಪಾಡಲು ಬೇರೆ ದಾರಿ ಕಾಣದೆ ಬಿಟ್ಟುಹೋಗಿದ್ದಾಳೆ.