ಯಾರೋ ಎತ್ತಿದ ಲಂಗರು

ಅಪ್ಪ ತೀರಿಹೋದ ಮೇಲೆ ಅವನ ಹಾಯಿದೋಣಿಗಾಗಿ ನಾನೂ ಅಣ್ಣ ಸ್ಟಮಾಟಿಸನೂ ಕಚ್ಚಾಡಿದೆವು. ಕೊನೆಗೆ ಮಾರಿಬಿಡೋಣವೆಂದು ಅದರಲ್ಲೇ ಲೆರೋಸ್ ದ್ವೀಪಕ್ಕೆ ಹೊರಟು, ದಾರಿಯ ಕೊಲ್ಲಿಯೊಂದರಲ್ಲಿ ಲಂಗರು ಹಾಕಿ ದೋಣಿಯ ಕೆಳಗಿನ ಕೋಣೆಯಲ್ಲಿ ಮಲಗಿದೆವು.

ರಾತ್ರಿ ತಲೆಯ ಮೇಲೆ ಸರಪಳಿ ಎಳೆಯುವ ಸದ್ದಾಯಿತು.

“ಅಣ್ಣಾ, ಲಂಗರು ಯಾಕೋ ಎತ್ತುತ್ತಿದೀಯ?” ಎಂದು ಕೂಗಿದೆ.

“ನಾನಿಲ್ಲೇ ಬಿದ್ಕೊಂಡಿದೀನಲ್ಲೋ,” ಎಂದ, ಪಕ್ಕದ ಕತ್ತಲಿನಿಂದ.

ಇಬ್ಬರೂ ಮೇಲಕ್ಕೆ ಓಡಿದೆವು. ಯಾರೂ ಇರಲಿಲ್ಲ. ಕೆಸರು ಮೆತ್ತಿದ ಲಂಗರು ದೋಣಿಯ ಮೇಲೆ ಬಿದ್ದಿತ್ತು. ಆಗಸ್ಟಿನ ಸೆಖೆಯಲ್ಲೂ ಸರಪಳಿ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಅದನ್ನು ಮತ್ತೆ ನೀರಿಗಿಳಿಸುವ ಧೈರ್ಯ ಇಬ್ಬರಿಗೂ ಬರಲಿಲ್ಲ.

“ನಾನು ನಿದ್ದೇಲಿದ್ದಾಗ ನೀನೇ ಎತ್ತಿರೋದು. ಅಪ್ಪನ ದೋಣಿ ಬಂಡೆಗೆ ಬಡೀಲಿ ಅಂತ,” ಎಂದ ಅಣ್ಣ.

ಇವತ್ತಿಗೂ ಊರಲ್ಲೆಲ್ಲ ಹಾಗೇ ಹೇಳಿಕೊಂಡು ತಿರುಗುತ್ತಾನೆ. ನಮ್ಮಿಬ್ಬರ ನಡುವೆ ಈಗ ಮಾತುಕತೆಯಿಲ್ಲ. ಆ ರಾತ್ರಿ ಬೆಳಗಾಗುವವರೆಗೂ ಗಾಳಿ ಭೋರ್ಗರೆಯಿತು, ಲಂಗರಿಲ್ಲದಿದ್ದರೂ ದೋಣಿ ಮಾತ್ರ ನಿಂತಲ್ಲಿಂದ ಕದಲಲಿಲ್ಲ. ಅದನ್ನು ಅವನು ಯಾರಿಗೂ ಹೇಳುವುದಿಲ್ಲ.