ತಾನಾಗಿ ಕೂಗಿದ ತಂತಿ

"ಎತ್ತು ಅದನ್ನ!"

ಪೇರೊಂಗ್ ಗದರಿದ್ದಕ್ಕೆ ಬೋಲಿನ್ ಬೆಚ್ಚಿದ. ಅವಳ ಮೇಜಿನ ನೆಟ್‌ವರ್ಕ್ ಸ್ವಿಚ್ಚಿನ ಮೇಲೆ ಆಗಷ್ಟೇ ಒಂದು ಹಸಿರು ತಿಂಡಿ ಪೊಟ್ಟಣ ಇಟ್ಟಿದ್ದ. ಯಂತ್ರ ಹೇಳಿದ ಮಾತು ಕೇಳಲೆಂದು ಹೀಗೆ ಇಡುವುದು ಶಿಂಚು ನಗರದ ಲ್ಯಾಬುಗಳ ರೂಢಿ; ಪೊಟ್ಟಣದ ಅವಧಿ ಮುಗಿದಿದ್ದರೆ ಯಂತ್ರ ಮುನಿಯುತ್ತದಂತೆ.

"ಅವಧಿ ಮುಗಿದಿಲ್ಲ ಮಾರಾಯ್ತಿ, ದಿನಾಂಕ ನೋಡೇ ತಂದಿದ್ದೀನಿ," ಎಂದ ಅವನು, ಕಣ್ಣಂಚಿನಲ್ಲಿ ನಗು ಬಚ್ಚಿಟ್ಟುಕೊಂಡು.

"ನನ್ನ ಡ್ರೈವರ್ ಪ್ರೋಗ್ರಾಮಿಗೇನು ದೆವ್ವ ಹಿಡಿದಿದೆಯಾ, ಶಾಂತಿ ಮಾಡಿಸೋಕೆ?"

ಬೇರೆ ದಿನವಾಗಿದ್ದರೆ ಆ ನಗುವಿಗೆ ಅವಳು ಸೋಲುತ್ತಿದ್ದಳು. ಕೇಬಲ್ ಚುಚ್ಚಿದೊಡನೆ ಸ್ವಿಚ್ಚಿನ ಚಿಪ್ ಒಂದು ತಂತಿಯ ವೋಲ್ಟೇಜನ್ನು ಕೆಳಗೆಳೆದು, ಸ್ವಿಚ್ಚನ್ನು ನಡೆಸುವ ಲಿನಕ್ಸನ್ನು ಕೂಗುತ್ತದೆ. ಇಂಟರಪ್ಟ್ ಎನ್ನುವ ಆ ಕೂಗಿಗೆ ಓಗೊಡುವ ಡ್ರೈವರನ್ನು ಅವಳು ತಿಂಗಳುಗಟ್ಟಲೆ ಕುಳಿತು ಕಟ್ಟಿದ್ದಳು. ಬೋಲಿನ್ ರೂಪಿಸಿದ ಹೊಸ ಬೋರ್ಡಿನಲ್ಲಿ ಮಾತ್ರ ಕೂಗುಗಳ ಸುರಿಮಳೆ, ಕೂಗಿದವರೇ ಇಲ್ಲ. ಕೊನೆಗೆ ಲಿನಕ್ಸಿನ ತಿರುಳಾದ ಕರ್ನಲ್, ಯಾರೂ ಓಗೊಡಲಿಲ್ಲವೆಂದು ಬರೆದು ಆ ತಂತಿಯನ್ನೇ ಮುಚ್ಚಿಬಿಟ್ಟಿತ್ತು.

ಮೀಟಿಂಗಿನಲ್ಲಿ ಮ್ಯಾನೇಜರ್ ಫಾಂಗ್ ತೀರ್ಪು ಕೊಟ್ಟರು: "ಪೇರೊಂಗ್, ನಿನ್ನ ಇಂಟರಪ್ಟ್ ಕಿತ್ತು ಹಾಕಮ್ಮ. ಸೆಕೆಂಡಿಗೊಂದ್ಸಲ ಡ್ರೈವರೇ ಹೋಗಿ ಚಿಪ್ಪನ್ನ ವಿಚಾರಿಸ್ಕೊಂಡು ಬರಲಿ."

"ಸರ್, ತಪ್ಪು ಡ್ರೈವರಿಂದಲ್ಲ!"

"ಮತ್ಯಾರದು?"

ಬೋಲಿನ್ ಚಹಾದ ಲೋಟದೊಳಗೆ ಏನೋ ಕಳೆದುಕೊಂಡವನಂತೆ ನೋಡುತ್ತ ಕುಳಿತಿದ್ದ.

ಆ ಮೌನ ಅವಳ ಎದೆಯಲ್ಲಿ ಕೆಂಡವಾಯಿತು. ಲ್ಯಾಬಿಗೆ ಮರಳಿ ವೋಲ್ಟೇಜಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನ ಮೊನೆಯನ್ನು ತಂತಿಗಿಟ್ಟಳು. ಬೋರ್ಡಿಗೆ ಒಂದೂ ಕೇಬಲ್ ಚುಚ್ಚಿರಲಿಲ್ಲ. ಆದರೂ ಪರದೆಯ ಗೆರೆ ಶಿಂಚುವಿನ ಗಾಳಿಗೆ ಒಣಹಾಕಿದ ಬಟ್ಟೆಯಂತೆ ಅದುರುತ್ತಿತ್ತು.

"ಬೋಲಿನ್, ಚಿಪ್ ಕೂಗದೇ ಇದ್ದಾಗ ಈ ತಂತಿನ ಮೇಲಕ್ಕೆ ಹಿಡಿದಿಡೋ ರೆಸಿಸ್ಟರ್ ಎಲ್ಲಿ? ಅದಿಲ್ದೆ ತಂತಿ ತಾನಾಗೇ ಕೂಗ್ತಿದೆ!"

ಅವನ ಕಿವಿ ಕೆಂಪಾಯಿತು. "ಜಾಗ ಸಾಲಲಿಲ್ಲ, ತೆಗೆದೆ. ಚಿಪ್ಪೊಳಗೇ ಒಂದಿದೆ ಅಂದ್ಕೊಂಡಿದ್ದೆ."

"ಮೀಟಿಂಗಲ್ಲಿ ಗೊತ್ತಿತ್ತಾ?"

"ಅಲ್ಲೇ ಅನುಮಾನ ಬಂತು. ಬೋರ್ಡೆಲ್ಲ ಆಗಲೇ ತಯಾರಾಗಿವೆ... ಹೆದರಿದೆ."

"ನನ್ನ ಕೆಲಸಕ್ಕೆ ಕೊಡಲಿ ಬೀಳ್ತಿತ್ತು, ನೀನು ಚಹಾ ನೋಡ್ತಾ ಕೂತಿದ್ದೆ! ಸ್ಕೂಟರ್ ಹಿಂದೆ ಕೂರಿಸ್ಕೊಂಡು ಊರೆಲ್ಲ ಸುತ್ತಿಸ್ತೀಯಲ್ಲ, ನನ್ನ ಪರ ಒಂದು ಮಾತಾಡೋಕೆ ಬಾಯಿ ಬರಲ್ವಾ?"

ಅವನು ನೇರವಾಗಿ ಕ್ಯಾಂಟೀನಿಗೆ ನಡೆದ. ಅವಳು ಬಾಗಿಲವರೆಗೆ ಹಿಂಬಾಲಿಸಿದಳು. ಫಾಂಗ್ ಅಕ್ಕಿ ಶಾವಿಗೆ ತಿನ್ನುತ್ತಿದ್ದರು.

"ಸರ್, ಡ್ರೈವರ್ ಸರಿಯಾಗಿದೆ. ತಪ್ಪು ಬೋರ್ಡಿಂದು, ನಂದು. ಮೀಟಿಂಗಲ್ಲೇ ಹೇಳ್ಬೇಕಿತ್ತು."

ಇಡೀ ಕ್ಯಾಂಟೀನು ತಿರುಗಿ ನೋಡಿತು. ಫಾಂಗ್ ಅವರ ಊಟದ ಕಡ್ಡಿಗಳ ನಡುವಿನ ಶಾವಿಗೆ ಬಟ್ಟಲಿಗೆ ಜಾರಿತು. "ಹಾಗಾದ್ರೆ ಒಂದೊಂದು ಬೋರ್ಡಿಗೂ ನೀನೇ ಕೈಯಾರೆ ಕೂರಿಸಪ್ಪಾ, ಆ ರೆಸಿಸ್ಟರನ್ನ. ಅವಳ ಇಂಟರಪ್ಟ್ ಹಾಗೇ ಇರಲಿ."

ಮರುದಿನ ಅವನು ಬೋರ್ಡುಗಳ ರಾಶಿಯ ನಡುವೆ ಬೆಸುಗೆ ಹಾಕುತ್ತಿದ್ದಾಗ ಪಕ್ಕದ ಕುರ್ಚಿ ಸರಿಯಿತು. ಪೇರೊಂಗ್ ಅವನ ಕೈಯಿಂದ ಚಿಮಟ ಕಿತ್ತುಕೊಂಡಳು.

"ಕ್ಷಮಿಸಿದೆಯಾ?"

"ಇಲ್ಲ. ರೆಸಿಸ್ಟರೆಲ್ಲ ಸೊಟ್ಟಗೆ ಕೂರಿಸ್ತಿದ್ದೀಯ, ನೋಡೋಕಾಗ್ತಿಲ್ಲ."

ಭುಜಕ್ಕೆ ಭುಜ ತಾಗಿತು. ಅವಳು ಸರಿಯಲಿಲ್ಲ.

"ಸಿಟ್ಟು ಇನ್ನೂ ಇದೆ, ತಿಳ್ಕೋ," ಎಂದಳು, ಬೋರ್ಡಿನಿಂದ ಕಣ್ಣೆತ್ತದೆ. "ಪ್ರೀತಿನೂ ಇದೆ. ಎರಡನ್ನೂ ತಡ್ಕೊಳ್ಳೋ ಹಾಗಿದ್ರೆ ಮುಂದಿನ ಬೋರ್ಡ್ ಕೊಡು."

ಅವನು ಕೊಟ್ಟ. ಕೊಟ್ಟ ಮೇಲೂ ಹಿಡಿದ ಅವಳ ಕೈಯನ್ನು ಅವನು ಬಿಡಲಿಲ್ಲ.