ಹದಿನೇಳನೇ ನಂಬರಿನ ಮೊಹರು

"ವಿಮಾನದ ರೆಕ್ಕಿಗೆ ಹಾಕೂ ಬೋಲ್ಟ್‌ರಿ, ಸಾಹೇಬ್ರ. ಪರೀಕ್ಷಾದಾಗ ಸೀಮೆಸುಣ್ಣದಂಗ ಮುರದಾವ. ಚೀಟಿ ಮ್ಯಾಲ ನಮ್ಮವರ ಹದಿನೇಳನೇ ನಂಬರಿನ ಮೊಹರು ಅದ."

ಯಂಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳನ್ನು ಪುಣೆಯ ಖಡಕಿಯಲ್ಲಿದ್ದ ತನ್ನ ಹೋಟೆಲಿನ ಮಾಳಿಗೆಗೆ ಕರೆತಂದಿದ್ದ ಮೋಹನದಾಸ್ ಬಾಗಿಲಲ್ಲೇ ನಿಂತ. ಆ ಕೋಣೆಯಲ್ಲಿ ಎಂಟು ವರ್ಷದಿಂದ ಬಾಡಿಗೆಗಿದ್ದ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು ಹರಿಶ್ಚಂದ್ರರಾಯರು ಬಿಡಿಸಿದ ಒಗಟುಗಳಿಗೆಲ್ಲ ಅವನೇ ಸಾಕ್ಷಿ.

ಅವಳ ಗಂಡ ಅಂಬಣ್ಣ, ದೇವದಾಸರ ಕಾರ್ಖಾನೆಯಲ್ಲಿ ಬೋಲ್ಟು ತಪಾಸಣೆ ಮಾಡಿ ಚೀಟಿಗೆ ಮೊಹರು ಒತ್ತುವವನು. ಮೊಹರು ಕಸಿದುಕೊಂಡು ಕೆಲಸದಿಂದ ತೆಗೆದ ದಿನವೇ ತನ್ನೂರು ಸುರಪುರದ ಬಸ್ಸು ಹತ್ತಿದ್ದ.

"ಹೆಸರು ಸ್ವಚ್ಛ ಆದ ಮ್ಯಾಲೇ ಪುಣೆಕ್ಕ ಕಾಲಿಡ್ತೀನಿ ಅಂದ್ರು. ಮೂರು ತಿಂಗಳಾತು. ರಸ್ತಾದಾಗ ಯಾರ ಚಪ್ಪಲಿ ಸಪ್ಪಳಾದ್ರೂ ಬಾಗಲಾ ತೆಗೀತೀನ್ರಿ."

"ಮೊಹರು ಬೇರೆಯವರ ಕೈಗೆ ಸಿಗುತ್ತಿತ್ತೇ, ತಾಯಿ?"

"ಇಲ್ರಿ, ಕೊರಳಾಗ ಕಟಗೊಂಡಿರ್ತಿದ್ರು. ಯುಗಾದಿ ಮುಂದ ಹಳೇದು ಸವದಿತ್ತಂತ ಮಾರ್ತಾಂಡ ಸಾಹೇಬ್ರಿಗೆ ಕೊಟ್ಟು ಹೊಸಾದು ತಂದ್ರು. ದಸರಾದಾಗ ಖಂಡೆ ನವಮಿಗೆ ಅದಕ್ಕ ಎಣ್ಣಿ-ಕುಂಕುಮ ಹಚ್ಚಿ ಪೂಜಿ ಮಾಡಿದ್ರು. ತಾನಾಗೇ ಹೋಗೂತನಕ ಆ ಕುಂಕುಮ ನಮ್ಮಲ್ಲಿ ಒರಸಂಗಿಲ್ಲ."

ರಾಯರು ಚಹದ ಲೋಟ ಕೆಳಗಿಟ್ಟರು. "ಮೋಹನಾ, ನಾಳೆ ಮಧ್ಯಾಹ್ನ ನಿನ್ನ ಫ್ಯಾಮಿಲಿ ರೂಮು ಬೇಕು ಮಾರಾಯ. ದೇವದಾಸರು ಚೀಟಿಗಳನ್ನೂ ಆ ಮೊಹರನ್ನೂ ತರಲಿ. ಮಾರ್ತಾಂಡರೂ ಬರಲಿ."

ಮರುದಿನ ಕಾರ್ಖಾನೆಯ ಮೇಲ್ವಿಚಾರಕ ಮಾರ್ತಾಂಡ ಕೂರುವ ಮೊದಲೇ ನಕ್ಕ. "ಏನ್ರಿ ಮಾಸ್ತರ, ಇಡ್ಲಿ ತಿನ್ನಿಸಿ ಬಾಯಿ ಬಿಡಸ್ತೀರೇನು? ಅಂವ ಮೊಹರು ಒತ್ತಿದ್ದು ನಾ ಕಣ್ಣಾರೆ ನೋಡೀನಿ."

ರಾಯರು ಮೇಜಿನ ಮೇಲೆ ಐದು ಚೀಟಿ ಹರಡಿದರು. "ಎಲ್ಲವೂ ದಸರೆಯ ಮರುವಾರದವು. ದೇವದಾಸರೇ, ಈ ನಾಲ್ಕರಲ್ಲಿ ನೀಲಿ ಶಾಯಿಯ ನಡುವೆ ಏನು ಕಾಣುತ್ತದೆ?"

ಮಾಲೀಕರು ಕನ್ನಡಕ ಸರಿಸಿದರು. "ಕೆಂಪು ಚುಕ್ಕೆ."

"ನವಮಿಯ ಕುಂಕುಮ. ಮೊಹರಿನ ಗೀರಿನಲ್ಲಿ ಇನ್ನೂ ಇದೆ, ನೋಡಿ. ಮುರಿದ ಬೋಲ್ಟುಗಳ ಚೀಟಿ ಇದು, ಐದನೆಯದು. ಹಿಂದಿನ ದಿನದ್ದರಲ್ಲೂ ಚುಕ್ಕೆಯಿದೆ, ಮರುದಿನದ್ದರಲ್ಲೂ ಇದೆ. ಇದರಲ್ಲಿ ಮಾತ್ರ ಇಲ್ಲ. ಅಂಚೂ ಸವೆದಿದೆ. ಅಂದರೆ ಒತ್ತಿದ್ದು ಹಳೆಯ ಮೊಹರಿನಿಂದ. ಅದನ್ನು ವಾಪಸು ಪಡೆದು, ಸುಟ್ಟಿದ್ದೇನೆಂದು ನಿಮಗೆ ಬರೆದುಕೊಟ್ಟವರು ಯಾರು?"

"ಮಾರ್ತಾಂಡ," ಎಂದರು ದೇವದಾಸರು, ಬಹಳ ಮೆಲ್ಲಗೆ.

ಮಾರ್ತಾಂಡನ ನಗು ಇಳಿಯಿತು. "ಭಟ್ಟಿ ಕೆಟ್ಟಿತ್ರಿ. ಬೋಲ್ಟು ಪೂರ್ತಿ ಕಾಯಿಸಿ ಹದ ಮಾಡಲಿಕ್ಕೆ ಆಗಲಿಲ್ಲ. ತಾರೀಖು ತಪ್ಪಿದ್ರ ಆರ್ಡರ್ ಹೋಗ್ತಿತ್ತು. ಅಂಬಣ್ಣ ಭಾಳ ಹಟಮಾರಿ, ಒಪ್ಪತಿರಲಿಲ್ಲ."

"ಆ ಹಟ ನಂಬಿಯೇ ಜನ ವಿಮಾನ ಹತ್ತುವುದು," ಎಂದರು ರಾಯರು.

ದೇವದಾಸರು ಎದ್ದು, ಕಿಟಕಿಯ ಬಳಿ ನಿಂತಿದ್ದ ಯಂಕವ್ವನಿಗೆ ಮೊಹರನ್ನು ಚಾಚಿದರು. ಅವಳು ಕೈ ಹಿಂದೆಳೆದುಕೊಂಡಳು.

"ನನಗ್ಯಾಕ್ರಿ? ಅವರ ಕೈಯಾಗ ಕೊಡ್ರಿ. ಮದಲ ತಂತಿ ಕಳಸ್ರಿ."

ಲೋಹಗಾಂವದ ನಿಲ್ದಾಣದಿಂದ ಎದ್ದ ವಿಮಾನವೊಂದು ಹೋಟೆಲಿನ ಮೇಲೆ ಹಾದುಹೋಯಿತು. ಅದರಲ್ಲಿ ಕೂತವರಿಗೆ ಅಂಬಣ್ಣನ ಹೆಸರೂ ಗೊತ್ತಿರಲಿಕ್ಕಿಲ್ಲ ಎಂದುಕೊಂಡು ಮೋಹನದಾಸ್ ತಲೆಯೆತ್ತಿದ. ಯಂಕವ್ವ ಮಾತ್ರ ಎತ್ತಲಿಲ್ಲ. ಕಿಟಕಿಗೆ ಹಣೆ ಆನಿಸಿ, ಬಸ್ಸು ತಿರುಗುವ ಮೂಲೆಯನ್ನೇ ನೋಡುತ್ತಿದ್ದಳು, ತಂತಿ ಆಗಲೇ ಸುರಪುರ ಮುಟ್ಟಿದೆಯೇನೋ ಎಂಬಂತೆ.